ನೀಲಿ ಫಲಕದ ಮೇಲೆ ಯಾರ ಹಕ್ಕು?

(ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ವೈದ್ಯರನ್ನು ವೇದಿಕೆ ಹತ್ತಿಸಿದರೆ ಸಕ್ಕರೆ ಕಾಯಿಲೆಯ ಬಗ್ಗೆಯೋ ಕೊಲೆಸ್ಟರಾಲ್ ಬಗ್ಗೆಯೋ ನಾಲ್ಕು ಮಾತು ಹೇಳಿ ಇಳಿಯುವುದು ರೂಢಿ. ಪಕ್ಕದ ಕೋಣೆಯಲ್ಲಿ ಜಿಲೇಬಿ ತಟ್ಟೆಗಳು ಸಾಲಾಗಿ ಕುಳಿತಿರುವಾಗ ಆ ವಿಷಯ ಎತ್ತಿದರೆ ನಮಗೆ ಕ್ಷೇಮವಲ್ಲ. ಆದ್ದರಿಂದ ಈ ಸಲ ಕೂಟದಲ್ಲಿರುವ ನಾವು ನಾಲ್ಕಾರು ವೈದ್ಯರು ಮಾತಾಡಿಕೊಂಡು ಬೇರೊಂದು ವಿಷಯ ಆರಿಸಿಕೊಂಡಿದ್ದೇವೆ. ಕಾರಿನೊಳಗಿನ ಕನ್ನಡಿಗೆ ನೇತುಹಾಕುವ, ಗಾಲಿಕುರ್ಚಿಯ ಚಿತ್ರವಿರುವ ನೀಲಿ ಫಲಕ. ಇಲ್ಲಿಯ ಮಾತಿನಲ್ಲಿ ಪ್ಲ್ಯಾಕಾರ್ಡ್.

ಕನ್ನಡ ಕೂಟದಲ್ಲಿ ಪಾರ್ಕಿಂಗ್ ಬಗ್ಗೆ ಭಾಷಣವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಯುಗಾದಿ ಊಟದಲ್ಲೋ ಗಣೇಶನ ಹಬ್ಬದಲ್ಲೋ ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವ ಸಹಾಯಗಳಲ್ಲಿ ಈಗ ಇದಕ್ಕೇ ಅಗ್ರಸ್ಥಾನ. “ಡಾಕ್ಟ್ರೇ, ಅಮ್ಮ ಬಂದಿದ್ದಾರೆ, ಮಂಡಿ ನೋವು. ಫಾರಂ ಕಾರಿನಲ್ಲೇ ಇದೆ, ಒಂದು ಸೈನ್ ಹಾಕಿಬಿಡಿ.”

ಆ ಅಮ್ಮನಿಗೆ ಫಲಕ ನಿಜವಾಗಿಯೂ ಬೇಕಾಗಿರಬಹುದು. ಬೇಕಿದ್ದರೆ ಅವರಿಗೆ ಸಿಗಲೇಬೇಕು. ನಮ್ಮ ತಕರಾರು ಅಮ್ಮನ ಮೇಲಲ್ಲ. ಆರು ತಿಂಗಳಾದ ಮೇಲೆ ಅಮ್ಮ ಮೈಸೂರಿನ ವಿಮಾನ ಹತ್ತುತ್ತಾರೆ, ಫಲಕ ಮಾತ್ರ ಮಗನ ಕಾರಿನಲ್ಲೇ ಉಳಿಯುತ್ತದೆ. ಮುಂದಿನ ವಾರ ಅದು ಕಾಸ್ಟ್ಕೋ ಅಂಗಡಿಯ ಮುಂದೆ ಕೆಲಸ ಮಾಡುತ್ತದೆ, ಆಮೇಲೆ ಕಚೇರಿಯ ಮುಂದೆ, ಆಮೇಲೆ ಹದಿನಾರು ತುಂಬಿ ಹೊಸದಾಗಿ ಲೈಸೆನ್ಸ್ ಪಡೆದ ಮೊಮ್ಮಗನ ಕಾರಿನಲ್ಲಿ ಹೈಸ್ಕೂಲಿನ ಮುಂದೆ. ಅಜ್ಜಿಯ ಮಂಡಿ ನೋವು ಅಷ್ಟು ದೂರ ಪ್ರಯಾಣ ಮಾಡಬಾರದು.

ಫಲಕ ಕೊಡುವುದು ಒಬ್ಬ ವ್ಯಕ್ತಿಗೆ. ಕಾರಿಗೂ ಅಲ್ಲ, ಮನೆತನಕ್ಕೂ ಅಲ್ಲ. ಆ ವ್ಯಕ್ತಿ ಯಾರ ಕಾರಿನಲ್ಲಿ ಹೋದರೂ ಅದನ್ನು ಬಳಸಬಹುದು; ಆ ವ್ಯಕ್ತಿ ಜೊತೆಗಿಲ್ಲದಿದ್ದರೆ ಅವರದೇ ಸ್ವಂತ ಕಾರಿನಲ್ಲೂ ಬಳಸುವಂತಿಲ್ಲ. ಅವರಿಗಾಗಿ ಔಷಧಿ ತರಲು ಹೋಗಿದ್ದೇವೆ ಎಂಬ ಸಬೂಬೂ ನಡೆಯುವುದಿಲ್ಲ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ತಾತ್ಕಾಲಿಕ ತೊಂದರೆಗೆ ಕೆಂಪು ಫಲಕ, ಅದರ ಆಯುಷ್ಯ ಹೆಚ್ಚೆಂದರೆ 180 ದಿನ. ನೀಲಿಯದು ಶಾಶ್ವತ ತೊಂದರೆ ಇರುವವರಿಗೆ, ಎರಡು ವರ್ಷಕ್ಕೊಮ್ಮೆ ನವೀಕರಣ. ಫಲಕದವರು ತೀರಿಕೊಂಡರೆ 60 ದಿನಗಳೊಳಗೆ ಅದನ್ನು ಡಿಎಂವಿಗೆ ಹಿಂದಿರುಗಿಸಬೇಕು. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ ಎಂಬುದು ನಿಜ. ನೆನಪಾದ ಮೇಲೂ ಕೆಲವರಿಗೆ ಕೊಡಲು ಮನಸ್ಸಾಗುವುದಿಲ್ಲ ಎಂಬುದೂ ನಿಜ.

2017ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪರಿಶೋಧಕರು ಈ ಫಲಕಗಳ ವ್ಯವಹಾರವನ್ನು ತಪಾಸಣೆ ಮಾಡಿದರು. ತೀರಿಕೊಂಡವರ ಹೆಸರಿನಲ್ಲಿ ಇನ್ನೂ ಚಾಲ್ತಿಯಲ್ಲಿರುವ ಶಾಶ್ವತ ಫಲಕಗಳು ಸುಮಾರು 35,000 ಇರಬಹುದೆಂದು ಕಂಡುಬಂತು. ನೂರು ವರ್ಷ ಮುಟ್ಟಿದ ಫಲಕದಾರರು ದಾಖಲೆಯಲ್ಲಿ 26,000 ಮಂದಿ. ಇಡೀ ರಾಜ್ಯದಲ್ಲಿದ್ದ ಶತಾಯುಷಿಗಳ ಅಂದಾಜು ಸಂಖ್ಯೆ 8,000! ಈ ಫಲಕ ನೇತುಹಾಕಿಕೊಂಡರೆ ಆಯುಷ್ಯ ಹೆಚ್ಚುತ್ತದೆಂದು ಯಾವ ವೈದ್ಯಕೀಯ ಪತ್ರಿಕೆಯಲ್ಲೂ ನಾವು ಓದಿಲ್ಲ. ವೈದ್ಯರಾದ ನಮಗೆ ಮುಜುಗರ ತರುವ ಅಂಶವೂ ಅದೇ ವರದಿಯಲ್ಲಿದೆ. ಮಂಜೂರಾದ 96 ಅರ್ಜಿಗಳನ್ನು ತೆಗೆದು ನೋಡಿದಾಗ 70ರಲ್ಲಿ, ಅರ್ಜಿದಾರರಿಗೆ ಅರ್ಹತೆ ಇದೆ ಎಂದು ತೋರಿಸುವಷ್ಟು ವೈದ್ಯಕೀಯ ವಿವರವೇ ಇರಲಿಲ್ಲ. ಇದಾದ ಮೇಲೆ ಬಂದ ಕಾನೂನು 2018ರ ಜನವರಿಯಿಂದ ಜಾರಿಯಲ್ಲಿದೆ. ಕಳೆದುಹೋಯಿತೆಂದು ಬೇಕಾದಷ್ಟು ಸಲ ಹೊಸ ಫಲಕ ಪಡೆಯುವಂತಿಲ್ಲ, ಎರಡು ವರ್ಷಕ್ಕೆ ನಾಲ್ಕೇ. ಅರ್ಜಿಗಳ ತಪಾಸಣೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಆರು ವರ್ಷಕ್ಕೊಮ್ಮೆ, ಇನ್ನೂ ನಮಗೆ ಇದು ಬೇಕು ಎಂದು ಸಹಿ ಮಾಡಿಕೊಡಬೇಕು.

ಇದು ನಮ್ಮವರ ರೋಗ ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. 1999ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್ಎ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹಲವಾರು ಆಟಗಾರರು ಈ ಫಲಕಗಳ ಅಕ್ರಮ ಬಳಕೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೈದಾನದಲ್ಲಿ ಗೂಳಿಗಳಂತೆ ನುಗ್ಗುವ ಹುಡುಗರು! ಅರ್ಜಿಗಳಲ್ಲಿ ಬರೆದಿದ್ದ ಕಾಯಿಲೆಗಳಲ್ಲಿ ಬೆಲ್ಸ್ ಪಾಲ್ಸಿಯೂ ಒಂದು. ಅದು ಮುಖದ ನರ ಸೋಲುವ ಕಾಯಿಲೆ. ಅದರಿಂದ ಶಿಳ್ಳೆ ಹಾಕಲು ಕಷ್ಟವಾದೀತು, ನಡೆಯಲು ಅಲ್ಲ.

ಸಿಕ್ಕಿಬಿದ್ದರೆ 250ರಿಂದ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಡಿಎಂವಿಯ ತನಿಖಾಧಿಕಾರಿಗಳು ಮಾಲ್‌ಗಳ ಮುಂದೆ ನಿಂತು ಗುರುತುಪತ್ರ ಕೇಳುತ್ತಾರೆ, ಫಲಕವನ್ನು ಅಲ್ಲೇ ವಶಪಡಿಸಿಕೊಳ್ಳುತ್ತಾರೆ. ಆದರೆ ದಂಡದ ಹೆದರಿಕೆ ಹುಟ್ಟಿಸುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ಆ ಜಾಗ ಯಾರಿಗಾಗಿ ಇದೆ, ಯಾಕೆ ಆ ಅಳತೆಯಲ್ಲಿ ಇದೆ ಎಂಬುದು ಗೊತ್ತಾದರೆ ಬಹಳ ಜನ ತಾವಾಗಿಯೇ ಅಲ್ಲಿ ಕಾರು ನಿಲ್ಲಿಸುವುದಿಲ್ಲ.

1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಕಾನೂನಿನ ನಿಯಮಗಳ ಪ್ರಕಾರ 25 ಕಾರು ನಿಲ್ಲುವ ಜಾಗದಲ್ಲಿ ಇಂಥ ಸ್ಥಳ ಒಂದೇ ಒಂದು ಇದ್ದರೆ ಸಾಕು. 100 ಕಾರು ನಿಲ್ಲುವಲ್ಲಿ ನಾಲ್ಕು. ಆ ಸ್ಥಳದ ಪಕ್ಕ ಓರೆ ಗೆರೆ ಎಳೆದ, ಇಲ್ಲಿ ನಿಲ್ಲಿಸಬೇಡಿ ಎಂದು ಬರೆದ ಪಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಅಗಲ ಕಡಿಮೆಯೆಂದರೆ ಐದಡಿ. ವ್ಯಾನಿಗೆ ಮೀಸಲಾದ ಕಡೆ ಎಂಟಡಿಯೂ ಇರುತ್ತದೆ. ನಮ್ಮವರಲ್ಲಿ ಅನೇಕರು ಅದನ್ನು ಖಾಲಿ ಬಿಟ್ಟ ದಂಡದ ಜಾಗ ಎಂದುಕೊಂಡಿದ್ದಾರೆ. “ಎರಡೇ ನಿಮಿಷ, ಕೊತ್ತಂಬರಿ ಸೊಪ್ಪು ತಂದುಬಿಡುತ್ತೇನೆ” ಎಂದು ಮೂತಿ ತೂರಿಸಿ ನಿಲ್ಲಿಸುವುದು ಅಲ್ಲೇ.

ಗಾಲಿಕುರ್ಚಿಯಲ್ಲಿರುವವರು ವ್ಯಾನಿನಿಂದ ಇಳಿಯುವುದನ್ನು ಒಮ್ಮೆ ನಿಂತು ನೋಡಿ. ಪಕ್ಕದ ಬಾಗಿಲು ಸರಿಯುತ್ತದೆ, ಇಳಿಜಾರು ಹಲಗೆ ಹೊರಗೆ ಚಾಚಿಕೊಳ್ಳುತ್ತದೆ, ಕುರ್ಚಿ ಅದರ ಮೇಲೆ ಇಳಿದು, ನೆಲ ಮುಟ್ಟಿ, ತಿರುಗಬೇಕು. ಹಲಗೆಯ ಉದ್ದ, ಅದರಾಚೆ ಕುರ್ಚಿ ತಿರುಗುವ ಜಾಗ, ಇವೆರಡೂ ಸೇರಿದರೆ ಆ ಎಂಟಡಿ. ಈಗ ಹೀಗೆ ಯೋಚಿಸಿ. ಅವರು ಬಂದಾಗ ಪಟ್ಟೆ ಖಾಲಿಯಿತ್ತು, ಒಳಗೆ ಹೋದರು. ಅಷ್ಟರಲ್ಲಿ ನಮ್ಮ ಕೊತ್ತಂಬರಿ ಸೊಪ್ಪಿನವರು ಬಂದು ನಿಲ್ಲಿಸಿದರು. ಹೊರಗೆ ಬಂದ ಅವರಿಗೆ ತಮ್ಮ ವ್ಯಾನ್ ಕಣ್ಣೆದುರಿಗೇ ಇದೆ, ಹತ್ತಲು ಸಾಧ್ಯವಿಲ್ಲ. ಮಳೆ ಬರುತ್ತಿರಬಹುದು. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನರಿಗೆ ಮೂತ್ರ ವಿಸರ್ಜನೆಗೆ ಕೊಳವೆ ಹಾಕಿಕೊಳ್ಳಲು ಗೊತ್ತಾದ ಹೊತ್ತು ಇರುತ್ತದೆ, ಆ ಹೊತ್ತು ಮೀರುತ್ತಿರಬಹುದು. ನಮ್ಮ ಎರಡು ನಿಮಿಷ ಅವರ ಲೆಕ್ಕದಲ್ಲಿ ಎಷ್ಟು ಎಂದು ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾವು ಬಿಲ್ ಕೊಡುವ ಸಾಲಿನಲ್ಲಿ ಫೋನ್ ನೋಡುತ್ತಿರುತ್ತೇವೆ. ಅಂದ ಹಾಗೆ, ಫಲಕ ಇದ್ದವರೂ ಈ ಪಟ್ಟೆಯ ಮೇಲೆ ನಿಲ್ಲಿಸುವಂತಿಲ್ಲ.

ಹಾಗಾದರೆ ಗಾಲಿಕುರ್ಚಿ ಇಲ್ಲದವರೆಲ್ಲ ಮೋಸಗಾರರೇ? ಖಂಡಿತ ಅಲ್ಲ. ಇಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುತ್ತಿದೆ, ಅದರಲ್ಲಿ ನಮ್ಮ ಒಳ್ಳೆಯ ಮನಸ್ಸಿನವರೇ ಭಾಗಿಗಳು. ಫಲಕ ಹಾಕಿ ಇಳಿದ ಮನುಷ್ಯ ನೆಟ್ಟಗೆ ನಡೆದರೆ ಸಾಕು, ಗುರಾಯಿಸುವುದು, ಗೊಣಗುವುದು, ಕೆಲವೊಮ್ಮೆ ಗಾಜಿನ ಮೇಲೆ ಚೀಟಿ ಅಂಟಿಸುವುದು. ಆ ಚಿತ್ರವೇ ನಮ್ಮ ದಾರಿ ತಪ್ಪಿಸುತ್ತದೆ. 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೋಫೋಡ್ ಅದನ್ನು ಬರೆದಾಗ ಅದರಲ್ಲಿ ಬರಿಯ ಗಾಲಿಕುರ್ಚಿ ಇತ್ತು. ತಲೆ ಸೇರಿಸಿದ್ದು ಆಮೇಲೆ. ಆದರೆ ಫಲಕಕ್ಕೆ ಅರ್ಹತೆ ಕುರ್ಚಿಯಿಂದ ಬರುವುದಲ್ಲ.

1991ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ ನಿಯಮಗಳಲ್ಲಿ ಮೊದಲನೆಯದು, 200 ಅಡಿ ದೂರವನ್ನು ಮಧ್ಯೆ ನಿಂತು ಸುಧಾರಿಸಿಕೊಳ್ಳದೆ ನಡೆಯಲಾಗದಿರುವುದು. 200 ಅಡಿ ಎಂದರೆ ಎಂಬತ್ತು ತೊಂಬತ್ತು ಹೆಜ್ಜೆ, ಅಷ್ಟೇ. ಹೃದಯದ ಶಕ್ತಿ ಕುಂದಿ ಸ್ವಲ್ಪ ಶ್ರಮಕ್ಕೇ ಏದುಸಿರು ಬರುವವರು, ಶ್ವಾಸಕೋಶದಿಂದ ಒಂದು ಸೆಕೆಂಡಿನಲ್ಲಿ ಒಂದು ಲೀಟರ್ ಗಾಳಿಯನ್ನೂ ಹೊರದೂಡಲಾಗದವರು, ಜೊತೆಯಲ್ಲಿ ಆಮ್ಲಜನಕ ಒಯ್ಯುವವರು, ಸಂಧಿವಾತದಿಂದಲೋ ನರರೋಗದಿಂದಲೋ ನಡಿಗೆ ತೀರಾ ಕುಂಠಿತವಾದವರು, ಎಲ್ಲರೂ ಅರ್ಹರು. ಇವರಲ್ಲಿ ಎಷ್ಟೋ ಮಂದಿ ಕಾರಿನಿಂದ ಇಳಿದ ಮೊದಲ ಇಪ್ಪತ್ತು ಹೆಜ್ಜೆಯಲ್ಲಿ ನಿಮ್ಮ ನಮ್ಮಂತೆಯೇ ಕಾಣುತ್ತಾರೆ.

ನಮ್ಮ ಚಿಕಿತ್ಸಾಲಯದಲ್ಲಿ ದಿನವೂ ಕಾಣುವ ಒಂದು ಸಂಗತಿ ಹೇಳುತ್ತೇವೆ. ಸೊಂಟದ ಬೆನ್ನೆಲುಬಿನ ನಾಳ ಕಿರಿದಾಗಿ ನರಗಳು ಒತ್ತಿಕೊಳ್ಳುವ ಕಾಯಿಲೆ ವಯಸ್ಸಾದವರಲ್ಲಿ ಬಹಳ ಸಾಮಾನ್ಯ. ಇವರು ನೆಟ್ಟಗೆ ನಡೆದರೆ ಸ್ವಲ್ಪ ದೂರದಲ್ಲೇ ಕಾಲು ಜೋಮು ಹಿಡಿದು, ಸೀಸದಂತೆ ಭಾರವಾಗುತ್ತದೆ. ಮುಂದಕ್ಕೆ ಬಾಗಿದರೆ ಆ ನಾಳ ಕೊಂಚ ಅಗಲವಾಗುತ್ತದೆ, ನೋವು ಇಳಿಯುತ್ತದೆ. ಹೀಗಾಗಿ ಕಾರಿನಿಂದ ಅಂಗಡಿಯ ಬಾಗಿಲವರೆಗೆ ಹೋಗಲಾರದ ಅದೇ ಮನುಷ್ಯ, ಒಳಗೆ ತಳ್ಳುಗಾಡಿಯ ಮೇಲೆ ಒರಗಿ ಅರ್ಧ ಗಂಟೆ ಓಡಾಡಬಲ್ಲ! ನೋಡಿದವರು, “ಇಷ್ಟು ಹೊತ್ತು ಸುತ್ತುತ್ತಾನೆ, ಹೊರಗೆ ಮಾತ್ರ ಅಂಗವಿಕಲ” ಎಂದು ನಗುತ್ತಾರೆ. ವೈದ್ಯರಿಗೆ ಅದು ರೋಗದ ಲಕ್ಷಣ, ನೋಡುವವರಿಗೆ ಕಪಟದ ಲಕ್ಷಣ. ಆದ್ದರಿಂದ ಬೇರೆಯವರ ಫಲಕ ಸಾಚಾ ಹೌದೋ ಅಲ್ಲವೋ ಎಂದು ವಿಚಾರಣೆ ನಡೆಸುವ ಕೆಲಸ ನಮ್ಮದಲ್ಲ. ನಮ್ಮ ಕಾರಿನಲ್ಲಿರುವ ಫಲಕ ಯಾರದು ಎಂದು ನೋಡಿಕೊಂಡರೆ ಸಾಕು. ಮೋಸದ ಫಲಕಗಳು ಹೆಚ್ಚಿದಷ್ಟೂ ಸಾಚಾ ಮನುಷ್ಯರನ್ನು ಗುರಾಯಿಸುವ ಕಣ್ಣುಗಳೂ ಹೆಚ್ಚುತ್ತವೆ. ಜಾಗ ಕಳೆದುಕೊಳ್ಳುವುದರ ಜೊತೆಗೆ ಅವರು ಮಾನವನ್ನೂ ಕಳೆದುಕೊಳ್ಳಬೇಕಾಗುತ್ತದೆ.

ದುರುಪಯೋಗಕ್ಕೆ ದುಡ್ಡಿನ ಆಸೆಯೂ ಕಾರಣ. ನಮ್ಮ ರಾಜ್ಯದಲ್ಲಿ ಫಲಕವಿದ್ದರೆ ರಸ್ತೆಯ ಮೀಟರಿಗೆ ಕಾಸು ಹಾಕಬೇಕಾಗಿಲ್ಲ, ಇಷ್ಟೇ ಹೊತ್ತು ಎಂಬ ಮಿತಿಯೂ ಇಲ್ಲ. ಮಿಷಿಗನ್ ರಾಜ್ಯ 1995ರಲ್ಲಿ ಈ ರಿಯಾಯಿತಿಯನ್ನು, ಮೀಟರನ್ನು ಬಳಸಲು ದೈಹಿಕವಾಗಿ ಆಗದವರಿಗೆ ಮಾತ್ರ ಎಂದು ಬಿಗಿ ಮಾಡಿದಾಗ, ಮೊದಲು ರಿಯಾಯಿತಿ ಇದ್ದವರಲ್ಲಿ ನೂರಕ್ಕೆ ಇಬ್ಬರಷ್ಟೇ ಅದಕ್ಕೆ ಅರ್ಜಿ ಹಾಕಿದರು. ಉಳಿದವರೆಲ್ಲ ಕಳ್ಳರು ಎಂದಲ್ಲ, ಹೊಸ ಷರತ್ತು ಕಠಿಣವಾಗಿತ್ತು. ಇಲಿನಾಯ್ 2014ರಲ್ಲಿ ಅದೇ ದಾರಿ ಹಿಡಿಯಿತು. ಇಲ್ಲಿಯೂ ಹಾಗೆ ಮಾಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಹತ್ತಿರದ ಜಾಗ ಬೇಕಾದವರಿಗೆ ಜಾಗ ಸಿಗಲಿ, ಪುಕ್ಕಟೆಯ ಆಕರ್ಷಣೆ ಬೇರೆಯಾಗಲಿ. ಇದಕ್ಕೆ ಒಪ್ಪದವರೂ ಇಲ್ಲಿದ್ದೀರಿ, ಊಟದ ಹೊತ್ತಿನಲ್ಲಿ ಜಗಳವಾಡೋಣ.

ಇನ್ನು ಸಹಿಯ ವಿಷಯ. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆ ನಿಮಗೆಲ್ಲ ಗೊತ್ತು, ಮಕ್ಕಳು ಕುಳಿತಿರುವುದರಿಂದ ಪೂರ್ತಿ ಹೇಳುವುದಿಲ್ಲ. ಹಬ್ಬದ ಮನೆಯ ಹಜಾರದಲ್ಲಿ, ಪರೀಕ್ಷೆ ಮಾಡದೆ, ದಾಖಲೆ ಇಲ್ಲದೆ ನಾವು ಹಾಕುವ ಸಹಿ ಕಾನೂನಿನ ಕಣ್ಣಿನಲ್ಲಿ ಪ್ರಮಾಣ ಮಾಡಿ ಹೇಳಿದ ಮಾತು. ಅದಕ್ಕೆ ಆಧಾರವಾದ ವಿವರವನ್ನು ನಾವು ಇಟ್ಟುಕೊಂಡಿರಬೇಕು, ವೈದ್ಯಕೀಯ ಮಂಡಳಿ ಕೇಳಿದಾಗ ತೋರಿಸಬೇಕು. ಹೀಗಾಗಿ ನಾವು ಆಗುವುದಿಲ್ಲ ಎಂದರೆ ಸ್ನೇಹ ಕಡಿಮೆಯಾಯಿತು ಎಂದು ತಿಳಿಯಬೇಡಿ. ಅಮ್ಮನನ್ನು ಚಿಕಿತ್ಸಾಲಯಕ್ಕೆ ಕರೆತನ್ನಿ. ಮಂಡಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಮಂಡಿ ಸವೆತದ ಮೊದಲ ಹಂತದಲ್ಲಿ ದಿನವೂ ನಡೆಯುವುದೇ ದೊಡ್ಡ ಔಷಧಿ. ಅಂಥವರಿಗೆ ಫಲಕ ಬರೆದುಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆ ಹಂತ ದಾಟಿದ್ದರೆ ನಾವೇ ಸಂತೋಷದಿಂದ ಬರೆದುಕೊಡುತ್ತೇವೆ.

ಏಕೆಂದರೆ ನಮಗೆ ಹೆಚ್ಚು ನೋವು ಕೊಡುವವರು ಫಲಕ ಕೇಳುವವರಲ್ಲ, ಬೇಕಿದ್ದೂ ಬೇಡವೆನ್ನುವವರು. “ನನಗೇನು ಕಾಲಿಲ್ಲವೇನಯ್ಯಾ, ಅಂಗವಿಕಲರ ಸಾಲಿಗೆ ಸೇರಿಸುತ್ತೀಯಾ?” ಎಂದು ಸಿಟ್ಟಾಗುವ ಅಪ್ಪಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಫಲಕ ತೆಗೆದುಕೊಳ್ಳುವುದಿಲ್ಲ, ಅಷ್ಟು ದೂರ ನಡೆಯಲೂ ಆಗುವುದಿಲ್ಲ, ಕೊನೆಗೆ ಎಲ್ಲಿಗೂ ಬರುವುದಿಲ್ಲ. ದೇವಸ್ಥಾನ ಬಿಟ್ಟರು, ಗ್ರಂಥಾಲಯ ಬಿಟ್ಟರು, ಈ ಕೂಟವನ್ನೂ ಬಿಟ್ಟರು. ಮನೆಯವರು “ಅಪ್ಪನಿಗೆ ಈಗೀಗ ಆಸಕ್ತಿ ಇಲ್ಲ” ಎನ್ನುತ್ತಾರೆ. ಆಸಕ್ತಿ ಇದೆ, ಎಂಬತ್ತು ಹೆಜ್ಜೆ ಹೆಚ್ಚಾಗಿದೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ನಮಗೆ ಹೇಳಿ. ಮಗ ಹೇಳಿದರೆ ಕೇಳದವರು ಡಾಕ್ಟರು ಹೇಳಿದರೆ ಕೆಲವೊಮ್ಮೆ ಕೇಳುತ್ತಾರೆ.

ಸಮಿತಿಯವರೊಂದಿಗೆ ಮಾತಾಡಿದ್ದೇವೆ. ಮುಂದಿನ ಕಾರ್ಯಕ್ರಮದಿಂದ ಸಭಾಂಗಣದ ಬಾಗಿಲಲ್ಲಿ ಇಬ್ಬರು ಸ್ವಯಂಸೇವಕರು ಒಂದು ಗಂಟೆ ಮೊದಲೇ ನಿಂತಿರುತ್ತಾರೆ. ಫಲಕ ಇಲ್ಲದ ಹಿರಿಯರನ್ನು ಬಾಗಿಲಲ್ಲೇ ಇಳಿಸಿ, ಅವರು ಕೈಹಿಡಿದು ಒಳಗೆ ಕೂರಿಸುತ್ತಾರೆ, ನೀವು ಕಾರನ್ನು ದೂರದಲ್ಲಿ ನಿಲ್ಲಿಸಿ ಬರಬಹುದು. ಫಲಕದ ಅರ್ಜಿಗಳೂ, ಡಿಎಂವಿಗೆ ಹಿಂದಿರುಗಿಸಬೇಕಾದ ಹಳೆಯ ಫಲಕಗಳನ್ನು ಹಾಕಲು ವಿಳಾಸ ಬರೆದ ಲಕೋಟೆಗಳೂ ಸದಸ್ಯತ್ವದ ಮೇಜಿನ ಮೇಲಿವೆ. ಲಕೋಟೆಗೆ ಅಂಚೆಚೀಟಿ ಅಂಟಿಸಿದ್ದೇವೆ. ಯಾರು ತೆಗೆದುಕೊಂಡರು ಎಂದು ಯಾರೂ ಬರೆದಿಡುವುದಿಲ್ಲ.