ಮನೆಯೊಳಗೊಂದು ಬರೆಯುವ ಎಡೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ವೇದಿಕೆಯಿಂದ ಮೇಜು ಮಣೆಗಳ ವಿಚಾರವನ್ನೆತ್ತುವುದು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ನಿಮ್ಮ ನಿಮ್ಮ ಮನೆಗಳನ್ನು ಒಮ್ಮೆ ಮನಸ್ಸಿನಲ್ಲಿಯೇ ಸುತ್ತಿ ಬನ್ನಿರಿ. ದೇವರಿಗೆ ಕೋಣೆಯುಂಟು, ಅಡಕೆಗೆ ಅಟ್ಟವುಂಟು, ಬಂದವರಿಗೆ ಚಾವಡಿಯುಂಟು. ಕನ್ನಡ ಬರೆಯಲು ಕುಳಿತುಕೊಳ್ಳುವವರಿಗೆ ಮಾತ್ರ ಎಡೆಯಿಲ್ಲ. ಊಟದ ಮೇಜಿನ ಮೂಲೆಯಲ್ಲಿ ಕಾಗದ ಹರಡಿದರೆ, ಬಟ್ಟಲು ಬಂದೊಡನೆ ಮಡಚಬೇಕು. ಹೀಗೆ ಮಡಚಿಟ್ಟ ಬರಹಗಳು ಎಷ್ಟೋ ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ.

ಕಾಸರಗೋಡಿನವರಾದ ನಮಗೆ ಇದು ಬರಿಯ ಸೌಕರ್ಯದ ಮಾತಲ್ಲ. ೧೯೫೬ರ ನವೆಂಬರ್ ೧ರಂದು ಈ ಸೀಮೆ ಕೇರಳಕ್ಕೆ ಸೇರಿದ ಮೇಲೆ ನೋಟೀಸು, ರಸೀದಿ, ಅರ್ಜಿಯ ನಮೂನೆಗಳು ಬರಬರುತ್ತ ಹೆಚ್ಚಾಗಿ ಮಲೆಯಾಳವಾದುವು. ಆ ನುಡಿಯ ಮೇಲೆ ನಮಗೆ ಮುನಿಸಿಲ್ಲ, ನೆರೆಯವರ ನುಡಿಯದು. ಆದರೆ ೧೯೬೯ರ ಕೇರಳ ರಾಜ್ಯಭಾಷೆಗಳ ಕಾಯಿದೆಯು, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿಯೇ ವ್ಯವಹರಿಸಬಹುದೆಂದೂ, ಉತ್ತರವೂ ಕನ್ನಡದಲ್ಲಿಯೇ ಬರತಕ್ಕದ್ದೆಂದೂ ಹೇಳುತ್ತದೆ. ಉತ್ತರ ಹಾಗೆ ಬರುವುದಿಲ್ಲವೆಂದು ದೂರುತ್ತೇವೆ. ದೂರು ನ್ಯಾಯವಾದುದೇ. ಆದರೆ ನಾವು ಬರೆದ ಅರ್ಜಿಗಳೆಷ್ಟು?

ನಮ್ಮ ಕತೆಯನ್ನೇ ಹೇಳುತ್ತೇವೆ. ಒಮ್ಮೆ ಜಾಗದ ತೀರ್ವೆಯ ವಿಷಯದಲ್ಲಿ ಒಂದು ಕಚೇರಿಗೆ ಬರೆಯಬೇಕಾಗಿತ್ತು. ಮನೆಯಲ್ಲಿ ಲೇಖನಿ ಸಿಕ್ಕಿದರೆ ಕಾಗದವಿಲ್ಲ, ಕಾಗದ ಸಿಕ್ಕಿದಾಗ ಹಳೆಯ ರಸೀದಿಯಿಲ್ಲ. ಕೊನೆಗೆ ಕಚೇರಿಯ ಬಾಗಿಲಲ್ಲಿ ಅರ್ಜಿ ಬರೆಯುವವನಿಂದ ಮಲೆಯಾಳದಲ್ಲಿ ಬರೆಸಿ ರುಜು ಹಾಕಿ ಬಂದೆವು. ರುಜು ಹಾಕಿದುದರಲ್ಲಿ ಅರ್ಧದಷ್ಟು ನಮಗೆ ಓದಲು ಬಾರದು! ಆ ನಾಚಿಕೆಯಿಂದ ಹುಟ್ಟಿದುದು ನಮ್ಮ ಬರೆಯುವ ಮೂಲೆ.

ಮೊದಲು ಜಗಲಿಯ ತುದಿಯನ್ನು ಆರಿಸಿಕೊಂಡೆವು. ಬೆಳಕು ಚೆನ್ನಾಗಿತ್ತು, ಆದರೆ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಆಟಿಯ ಇರಿಚಲಿಗೆ ಎರಡು ಪುಸ್ತಕಗಳು ಬಲಿಯಾದುವು. ಬಳಿಕ ಒಳಕೋಣೆಯ ಕಿಟಕಿಯ ಬಳಿಗೆ ಸರಿದೆವು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬೀಳಬೇಕು. ಇಲ್ಲವಾದರೆ ಕೈಯ ನೆರಳು ಅಕ್ಷರವನ್ನು ನುಂಗುತ್ತದೆ. ಹಳೆಯ ಬಾಗಿಲಿನ ಹಲಸಿನ ಹಲಗೆಯನ್ನು ಎರಡೂವರೆ ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿದೆವು, ಗೋಡೆಯಿಂದ ಒಂದು ಗೇಣು ಬಿಟ್ಟು. ಗೋಡೆಗೆ ತಾಗಿಸಿದರೆ ತೇವವೂ ಒರಲೆಯೂ ಹಲಗೆಗೇರುತ್ತವೆ. ಪುಸ್ತಕಗಳನ್ನು ಕಪಾಟಿನಲ್ಲಿ ಬಿಗಿಯಾಗಿ ತುರುಕಿ ಮುಚ್ಚಿದರೆ ಬೂಷ್ಟು ಹಿಡಿಯುವುದು ಖಂಡಿತ. ತೆರೆದ ಹಲಗೆಯಲ್ಲಿ ಸಡಿಲವಾಗಿಟ್ಟು, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡುವುದೇ ಲೇಸು.

ಕೈಗೆಟಕುವಂತೆ ಒಂದು ನಿಘಂಟು ಬೇಕು. ಕಿಟೆಲರ ಮಹಾನಿಘಂಟು ೧೮೯೪ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿಯೇ ಅಚ್ಚಾದುದು. ಅದರ ಪಕ್ಕದಲ್ಲಿ ಒಂದು ದಪ್ಪ ಪುಸ್ತಕವಿರಲಿ: ಯಾವ ಕಚೇರಿಗೆ ಏನು ಬರೆದೆವು, ಯಾವ ದಿನ, ಉತ್ತರ ಯಾವ ಭಾಷೆಯಲ್ಲಿ ಬಂದಿತು ಎಂಬುದಕ್ಕೆ. ಮೊಬೈಲಿನಲ್ಲಿ ಬರೆಯುವ ತರುಣರೂ ಈ ಲೆಕ್ಕವನ್ನಿಡಬಹುದು; ಬೇಡವೆಂದವರಾರು?

ಮಂಜೇಶ್ವರದ ಗೋವಿಂದ ಪೈಗಳು ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ, ಹಲವು ಭಾಷೆಗಳ ಪುಸ್ತಕಗಳ ನಡುವೆ, ಮನೆಯಲ್ಲಿಯೇ ಕುಳಿತು ಸಂಶೋಧನೆ ನಡೆಸಿದರು. ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕದ ಬಳಿಯ ತಮ್ಮ ಮನೆಗೆ ಕವಿತಾ ಕುಟೀರವೆಂದೇ ಹೆಸರಿಟ್ಟು, ಬೇಸಾಯದ ದುಡಿಮೆಯ ನಡುವೆ ಬರೆದರು. ಅಂಥವರ ಸಾಮರ್ಥ್ಯ ನಮಗಿಲ್ಲ. ಹಲಗೆಯೊಂದನ್ನು ಹಾಕಿಸಲು ಅದು ಬೇಕಾಗಿಯೂ ಇಲ್ಲ.

ಈಗ ನಮ್ಮದೊಂದು ಹೊಸ ತೊಡಕು. ಶಾಲೆಯಿಂದ ಬಂದ ಮೊಮ್ಮಗಳು ತನ್ನ ಕನ್ನಡ ಕಾಪಿಯೊಡನೆ ಆ ಮೇಜನ್ನೇರುತ್ತಾಳೆ, ರಾತ್ರಿ ೮ ಗಂಟೆಯವರೆಗೆ ಇಳಿಯುವುದಿಲ್ಲ. ಆಚಾರಿಗೆ ಇನ್ನೊಂದು ಹಲಗೆಯನ್ನು ಹೇಳಿಟ್ಟಿದ್ದೇವೆ.