ಓಡಿನ್ ಕಲ್ಲಿನ ಲೆಕ್ಕ

ಇವತ್ತು ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ ಇರೋ ಆರ್ಕ್ನಿ ದ್ವೀಪಗಳಿಗೆ ಹೋಗೋಣ.

ಅಲ್ಲಿ ಎರಡು ಸರೋವರಗಳ ಹತ್ತಿರ ಎರಡು ಶಿಲಾವೃತ್ತಗಳಿವೆ. ಸ್ಟೆನ್ನೆಸ್ ಹಳೆಯದು, ಸುಮಾರು 5,000 ವರ್ಷದ್ದು. ಬ್ರಾಡ್ಗರ್ ಅದರ ನಂತರದ್ದು, ಆದರೆ ದೊಡ್ಡದು. ವ್ಯಾಸವೇ 104 ಮೀಟರ್. ಸ್ಟೆನ್ನೆಸ್‌ನಲ್ಲಿ ಈಗ ನಿಂತಿರೋದು ನಾಲ್ಕೇ ಕಲ್ಲು. ಕೆಲವು ಸುಮಾರು ಐದಾರು ಮೀಟರ್ ಎತ್ತರ. ಲೋಹದ ಉಪಕರಣವೇ ಇಲ್ಲದ ಕಾಲದಲ್ಲಿ, ಜನ ಕೈಯಿಂದಲೇ ಎಳೆದು ತಂದು ನಿಲ್ಲಿಸಿದ್ದು!

ಹತ್ತಿರದಲ್ಲೇ ಇನ್ನೊಂದು ಕಲ್ಲಿತ್ತು. ಹೆಸರು ಓಡಿನ್ ಕಲ್ಲು. ಅದರಲ್ಲೊಂದು ತೂತು. ಪ್ರೀತಿಸಿದ ಹುಡುಗ ಹುಡುಗಿ ಆಚೆ ಈಚೆ ನಿಂತು, ಆ ತೂತಿನಲ್ಲಿ ಕೈ ಹಿಡಿದು ಆಣೆ ಮಾಡ್ತಿದ್ದರು. ಕಲ್ಲು ನಿಲ್ಲಿಸಿದವರು ಯಾರು, ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಓಡಿನ್ ಅನ್ನೋ ದೇವರ ಹೆಸರು ಕೂಡ ಸಾವಿರಾರು ವರ್ಷ ಆದಮೇಲೆ ಬಂದದ್ದು. ಆದರೂ ಅಲ್ಲಿ ಕೊಟ್ಟ ಮಾತಿಗೆ ಬೆಲೆ ಇತ್ತು.

1814ರ ಡಿಸೆಂಬರ್. ಆ ಜಮೀನನ್ನು ಗೇಣಿಗೆ ಮಾಡ್ತಿದ್ದವನು ಹೊರಗಿನಿಂದ ಬಂದ ಕ್ಯಾಪ್ಟನ್ ಮೆಕೆ. ಕಲ್ಲು ನೋಡೋಕೆ ಜನ ಹೊಲ ತುಳಿದು ಬರ್ತಾರೆ ಅನ್ನೋದು ಅವನ ಸಿಟ್ಟು. ಓಡಿನ್ ಕಲ್ಲನ್ನು ಒಡೆದು ಹಾಕಿದ. ಸ್ಟೆನ್ನೆಸ್ ವೃತ್ತದ ಒಂದು ಕಲ್ಲು ಒಡೆದ, ಇನ್ನೊಂದನ್ನು ಕೆಡವಿದ. ಊರವರು ಕೆರಳಿದರು. ಅವನ ಮನೆಗೆ ಬೆಂಕಿ ಹಚ್ಚೋಕೂ ಹೋದರು ಅಂತ ಹೇಳ್ತಾರೆ. ಗಲಾಟೆ ಜೋರಾದ ಮೇಲೆ ಕೆಲಸ ನಿಂತಿತು.

ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಮೆಕೆಯ ಪುಸ್ತಕದಲ್ಲಿ ಆ ಕಲ್ಲು ಬರೀ ನಷ್ಟ. ಊರವರ ಪುಸ್ತಕದಲ್ಲಿ ಅದು ಆಸ್ತಿ, ಆದರೆ ಅದಕ್ಕೆ ಪತ್ರವಿಲ್ಲ, ಬೆಲೆ ಬರೆದಿಟ್ಟಿಲ್ಲ. ಪತ್ರ ಇಲ್ಲದ ಆಸ್ತಿ ಹೋಗೋದೇ ಮೊದಲು.

ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾನೂನು ಬಂದದ್ದು 1882ರಲ್ಲಿ, ಅಂದರೆ 68 ವರ್ಷ ತಡವಾಗಿ. ಕೆಡವಿದ ಕಲ್ಲನ್ನು 1906ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. 1999ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಓಡಿನ್ ಕಲ್ಲು ಮಾತ್ರ ವಾಪಸ್ ಬರಲಿಲ್ಲ.

ಈಗ ಸ್ಟೆನ್ನೆಸ್‌ಗೆ ಹೋದವರು ಆ ನಾಲ್ಕು ಕಲ್ಲುಗಳ ಫೋಟೋ ತೆಗೀತಾರೆ. ಅವು ಉಳಿಯೋಕೆ ಕಾನೂನಿಗಿಂತ ಮೊದಲು ಅಡ್ಡ ನಿಂತದ್ದು ಪಕ್ಕದ ಹೊಲದವರ ಸಿಟ್ಟು. ಇತಿಹಾಸ ಗೊತ್ತಿಲ್ಲದಿದ್ದರೂ, ಆ ಕಲ್ಲು ತಮ್ಮದು ಅನ್ನೋದು ಅವರಿಗೆ ಗೊತ್ತಿತ್ತು.