ಹಾಡುವವರ ಮನೆಯ ಒಲೆ



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಮಗ ತಬಲಾ ಕಲಿತವನು. ಅದನ್ನೇ ನಂಬಿ ಬಾಳುವೆನೆಂದು ಹಟ ಹಿಡಿದಿದ್ದ. ಅವರು ಕುಳಿತವರೇ, “ಮಾಸ್ತರ, ಧಾರವಾಡದಾಗ ಕಲ್ಲ ಒಗದರ ಸಾಹಿತಿ ಮನಿ ಮ್ಯಾಲೆ ಬೀಳತೈತಿ, ಇಲ್ಲಾ ಗವಾಯಿ ಮನಿ ಮ್ಯಾಲೆ ಬೀಳತೈತಿ ಅಂತಾರ. ಆ ಮನ್ಯಾಗ ಒಲಿ ಹತ್ತತೈತೋ ಇಲ್ಲೋ, ಅದನ್ನ ಹೇಳ್ರಿ” ಎಂದರು.

ಛಂದಸ್ಸು, ವ್ಯಾಕರಣ ಕಲಿಸುವ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಹಿರಿಯ ಗಾಯಕರನ್ನು ನೆನೆಯುವಾಗ ನಾವು ಅವರ ಕಂಠವನ್ನು ನೆನೆಯುತ್ತೇವೆ, ಸಂಸಾರದ ಖರ್ಚನ್ನಲ್ಲ. ಕುಂದಗೋಳದ ಸವಾಯಿ ಗಂಧರ್ವರು ಬಹುಕಾಲ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು. ಮಲ್ಲಿಕಾರ್ಜುನ ಮನಸೂರರೂ ಎಳೆಯತನದಲ್ಲಿ ನಾಟಕ ಕಂಪನಿ ಸೇರಿದವರೇ. ಮುಂದೆ ಗ್ರಾಮಫೋನ್ ಕಂಪನಿಯ ಸಂಗೀತ ನಿರ್ದೇಶಕರಾದರು, ಆಮೇಲೆ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಬಾಲಕರಿಗೆ ಸಂಗೀತವನ್ನು ಬದುಕುವ ವಿದ್ಯೆಯಾಗಿಯೇ ಕಲಿಸಿದರು. ಆಶ್ರಮವೇ ನಾಟಕ ಕಂಪನಿಯನ್ನೂ ನಡೆಸಿತು. ಕಚೇರಿಯೊಂದನ್ನೇ ನೆಚ್ಚಿ ಕುಳಿತವರು ಇವರಲ್ಲಿ ಯಾರೂ ಇಲ್ಲ.

ಇಂದು ನಾಟಕ ಕಂಪನಿಗಳು ವಿರಳ. ನಮ್ಮ ಅವಳಿ ನಗರದ ಗಾಯಕನೊಬ್ಬನ ದಿನ ಹೀಗಿರುತ್ತದೆ: ನಸುಕಿನಲ್ಲಿ ಅಮೆರಿಕದ ಮಕ್ಕಳಿಗೆ ಕಂಪ್ಯೂಟರಿನೆದುರು ಪಾಠ, ಅಲ್ಲಿ ಆಗ ಸಂಜೆ. ಇಳಿಹೊತ್ತಿನಲ್ಲಿ ಮಾಳಮಡ್ಡಿಯಲ್ಲೊಂದು, ವಿದ್ಯಾನಗರದಲ್ಲೊಂದು ಮನೆಪಾಠ. ಗಣೇಶೋತ್ಸವ, ನವರಾತ್ರಿ, ಮದುವೆಯ ದಿನಗಳಲ್ಲಿ ನಾಲ್ಕು ಕಾಸು. ಆಷಾಢದಲ್ಲಿ ಅದೂ ಇಲ್ಲ. ರೇಡಿಯೊ ಕಾರ್ಯಕ್ರಮ ಸಿಕ್ಕಾಗ ಸಿಕ್ಕಿತು.

“ಯೂಟ್ಯೂಬಿನಾಗ ರೊಕ್ಕ ಬರತೈತಂತಲ್ರಿ?” ಎಂದರು ಆ ತಂದೆ. ಬರುತ್ತದೆ. ಆದರೆ ಅಲ್ಲಿ ಜಾಹೀರಾತಿನ ಪಾಲು ಬೇಕಾದರೆ ಮೊದಲು 1,000 ಚಂದಾದಾರರು ಸೇರಬೇಕು, ಜೊತೆಗೆ ಜನರು ವರ್ಷದೊಳಗೆ ಒಟ್ಟು 4,000 ತಾಸು ನೋಡಿರಬೇಕು. ಚುಟುಕು ವಿಡಿಯೋಗಳ ಲೆಕ್ಕ ಬೇರೆ. ಸ್ಪಾಟಿಫೈಯಲ್ಲಿ ಅರ್ಧ ನಿಮಿಷ ಕೇಳಿದರೆ ಒಂದು ಎಣಿಕೆ. 40 ನಿಮಿಷದ ಖ್ಯಾಲನ್ನು ಕಣ್ಣುಮುಚ್ಚಿ ಪೂರ್ತಿ ಕೇಳಿದರೂ ಒಂದೇ ಎಣಿಕೆ! 2024ರಿಂದೀಚೆಗೆ, ವರ್ಷಕ್ಕೆ 1,000 ಎಣಿಕೆ ಮುಟ್ಟದ ಧ್ವನಿಮುದ್ರಣಕ್ಕೆ ಅಲ್ಲಿ ರಾಯಧನವೇ ಇಲ್ಲ. ಹಿಂದೆ ಗ್ರಾಮಫೋನಿನ ತಟ್ಟೆ ರಾಗವನ್ನು ಮೂರು ಚಿಲ್ಲರೆ ನಿಮಿಷಕ್ಕೆ ಮಡಚಿತ್ತು. ಇಂದಿನ ಯಂತ್ರ ಇನ್ನೂ ಅವಸರದ್ದು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆ ಹಾಡಿದವರಿಗೂ ಬಾರಿಸಿದವರಿಗೂ ವಾಣಿಜ್ಯ ಬಳಕೆಯ ರಾಯಧನದ ಹಕ್ಕು ಕೊಟ್ಟಿದೆ, ನಿಜ. ಮದುವೆಯ ಮಂಟಪದಲ್ಲಿ ಎರಡು ತಾಸು ತಬಲಾ ಬಾರಿಸಿ ಎದ್ದವನಿಗೆ ಅದರಿಂದ ಬರುವುದೇನು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ‘ಸಂಭಾವನೆ’ ಎಂಬ ಶಬ್ದದ ಮೂಲಾರ್ಥ ಗೌರವ. ಹಣವೆಂಬುದು ಬೆಳೆದು ಬಂದ ಅರ್ಥ. ಕೆಲವು ವರ್ಷಗಳ ಹಿಂದೆ ಸ್ನೇಹ ಸಮ್ಮೇಳನಕ್ಕೆ ಗಾಯಕರೊಬ್ಬರನ್ನು ಕರೆಸಿದ ನಾನು ಮೂಲಾರ್ಥಕ್ಕೇ ಅಂಟಿಕೊಂಡೆ! ಶಾಲು ಹೊದಿಸಿದೆ, ಹಾರ ಹಾಕಿದೆ, ಹಣ್ಣಿನ ಬುಟ್ಟಿ ಕೊಟ್ಟೆ, ಒಂದು ಭಾಷಣವನ್ನೂ ಮಾಡಿದೆ. ತಬಲಾ ಸಾಥಿಗೆ ಬಂದ ಹುಡುಗನಿಗೆ ಶಾಲೂ ಇರಲಿಲ್ಲ. ಅಂದು ಪೆಂಡಾಲಿನವನಿಗೂ ಧ್ವನಿವರ್ಧಕದವನಿಗೂ ಚೌಕಾಶಿ ಮಾಡದೆ ಪೂರ್ಣ ಹಣ ಎಣಿಸಿದ್ದೆ. ಆ ಹುಡುಗ ತಬಲಾ ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆಗೆ ನಡೆದದ್ದು ಈಗಲೂ ಕಣ್ಣ ಮುಂದಿದೆ.

ಇದನ್ನೆಲ್ಲ ಆ ತಂದೆಗೆ ಮುಚ್ಚಿಡದೆ ಹೇಳಿದೆ. ಮಗ ಪದವಿ ಮುಗಿಸಲಿ, ಸಂಗೀತ ಪರೀಕ್ಷೆಗಳನ್ನೂ ಪಾಸು ಮಾಡಲಿ, ಕಲಿಸುವುದನ್ನೂ ಕಲಿಯಲಿ. ಕಚೇರಿ ತಪ್ಪಿದ ತಿಂಗಳು ಪಾಠ ಕೈ ಹಿಡಿಯುತ್ತದೆ ಎಂದೆ. ಅವರು ಸಮಾಧಾನಗೊಂಡರೆಂದು ಹೇಳಲಾರೆ. ಹೋಗುವಾಗ ಚಪ್ಪಲಿ ಮೆಟ್ಟುತ್ತ ಕೇಳಿದರು: “ಈ ಸಲದ ಸಮ್ಮೇಳನಕ್ಕ ತಬಲಾದವ್ರಿಗೆ ಎಷ್ಟ ಕೊಡ್ತೀರಿ, ಮಾಸ್ತರ?”

ಗಾಯಕರಿಗೂ ತಬಲಾದವರಿಗೂ ಮೊತ್ತ ಬರೆದ ಬೇರೆ ಬೇರೆ ಕಾಗದಗಳನ್ನು ಮರುದಿನವೇ ಅಂಚೆಗೆ ಹಾಕಿದೆ.